ಸೋಮವಾರದ ಕಿಲ್ಟ್

ಎಡಿನ್‌ಬರೋದಲ್ಲಿ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತುವ ನೆರಿಗೆಯ ಉಣ್ಣೆ ಉಡುಪು, ನೋಡಬೇಕೆಂದರೆ ಶನಿವಾರ ಬರಬೇಕು. ಅವತ್ತು ಮದುವೆಗಳಿರುತ್ತವೆ. ಚರ್ಚಿನ ಮುಂದೆ, ಹೋಟೆಲಿನ ಬಾಗಿಲಲ್ಲಿ, ಟ್ಯಾಕ್ಸಿಗೆ ಕೈ ಮಾಡುತ್ತ ನಿಂತ ಹುಡುಗರೆಲ್ಲ ಒಂದೇ ಬಣ್ಣದ ಟಾರ್ಟನ್ ಚೌಕಳಿ ಉಟ್ಟು, ಮಂಡಿಯ ಕೆಳಗಿನವರೆಗೆ ದಪ್ಪ ಕಾಲುಚೀಲ ಏರಿಸಿ, ಸೊಂಟದಿಂದ ತುಪ್ಪಳದ ಸ್ಪೊರನ್ ಚೀಲ ಇಳಿಬಿಟ್ಟಿರುತ್ತಾರೆ. ಅವುಗಳಲ್ಲಿ ಎಷ್ಟೋ ಬಾಡಿಗೆಯವು. ಭಾನುವಾರ ಚೀಲಕ್ಕೆ ಸೇರಿ, ಸೋಮವಾರ ಅಂಗಡಿಗೆ ವಾಪಸು. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಕಣ್ಣಾಡಿಸಿದರೆ ಎಲ್ಲರೂ ಪ್ಯಾಂಟಿನಲ್ಲೇ.

ನಾನು ಸೋಮವಾರವೂ ಕಿಲ್ಟ್ ಉಡುತ್ತೇನೆ. ಆಫೀಸಿಗೆ, ತರಕಾರಿ ತರುವುದಕ್ಕೆ, ಮಗಳನ್ನು ಸ್ಕೂಲಿನಿಂದ ಕರೆತರುವುದಕ್ಕೆ. ತಿಪಟೂರಿನ ಕಡೆಯವನಾದ ನನಗೆ ಈ ಊರಿನಲ್ಲಿ ನೆಲೆ ನಿಂತ ಮೇಲೆ ಹತ್ತಿದ ರೂಢಿ ಇದು. "ನೀವು ಸ್ಕಾಟ್ ಅಲ್ಲವಲ್ಲ" ಎಂದು ಕೇಳುವವರು ಹೆಚ್ಚಾಗಿ ಪ್ರವಾಸಿಗರು. ಇಲ್ಲಿಯವರ ಪ್ರಶ್ನೆ ಬೇರೆ. "ಇವತ್ತೇನು ವಿಶೇಷ? ಮದುವೆಯಾ?" ಎನ್ನುತ್ತಾರೆ. ತುಂಬು ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಈ ಎರಡನೇ ಪ್ರಶ್ನೆ. ಒಂದು ನಾಡಿನ ಉಡುಪನ್ನು ಅದೇ ನಾಡಿನ ಬೀದಿಯಲ್ಲಿ ಉಟ್ಟು ನಡೆಯಲು ಏನಾದರೊಂದು ವಿಶೇಷ ಬೇಕೇ ಬೇಕು ಎಂಬ ಸ್ಥಿತಿ ಹೇಗೆ ಬಂತು?

ಇದಕ್ಕೊಂದು ಇತಿಹಾಸವಿದೆ. 16ನೇ ಶತಮಾನದ ಕೊನೆಯ ಹೊತ್ತಿಗೆ ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನ ಗಂಡಸರು ಉಡುತ್ತಿದ್ದುದು ಇವತ್ತಿನ ಕಿಲ್ಟ್ ಅಲ್ಲ. ಎರಡು ಪನ್ನ ಜೋಡಿಸಿದ ಉದ್ದನೆಯ ಉಣ್ಣೆ ಬಟ್ಟೆಯನ್ನು ನೆರಿಗೆ ಹಿಡಿದು ಸೊಂಟಕ್ಕೆ ಸುತ್ತಿ, ಮೇಲೆ ಬೆಲ್ಟ್ ಬಿಗಿಯುತ್ತಿದ್ದರು. ಉಳಿದ ಅರ್ಧ ಹೆಗಲ ಮೇಲೆ. ಮಳೆ ಬಂದರೆ ಅದೇ ತಲೆಯ ಮೇಲೆ, ರಾತ್ರಿಯಾದರೆ ಅದೇ ಹೊದಿಕೆ. ದನ ಕಾಯುವವನಿಗೂ ಬೆಟ್ಟ ಹತ್ತುವವನಿಗೂ ಹೇಳಿ ಮಾಡಿಸಿದ ಬಟ್ಟೆ. ಸೊಂಟದಿಂದ ಕೆಳಗಿನ ಭಾಗವನ್ನಷ್ಟೇ ಉಡುವ ಸಣ್ಣ ಕಿಲ್ಟ್ ಕಾಣಿಸಿಕೊಂಡದ್ದು 18ನೇ ಶತಮಾನದ ಮೊದಲ ದಶಕಗಳಲ್ಲಿ. ಲ್ಯಾಂಕಾಷೈರ್‌ನಿಂದ ಬಂದು ಗ್ಲೆನ್‌ಗ್ಯಾರಿಯಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್ಸನ್ ತನ್ನ ಕೆಲಸಗಾರರಿಗಾಗಿ ಇದನ್ನು ಮಾಡಿಸಿದ ಎಂದೊಂದು ಕಥೆಯಿದೆ. ಒಬ್ಬ ಇಂಗ್ಲಿಷಿನವನಿಗೆ ಈ ಶ್ರೇಯ ಕೊಡಲು ಒಪ್ಪದವರು ಬಹಳ ಜನ, ವಾದ ಇನ್ನೂ ನಡೆದಿದೆ. ಯಾರೇ ಮಾಡಿಸಿರಲಿ, ಅದು ದುಡಿಯುವವರ ಬಟ್ಟೆಯಾಗಿತ್ತು ಎನ್ನುವುದು ನನಗೆ ಮುಖ್ಯ.

1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ, ಸ್ಟುವರ್ಟ್ ರಾಜವಂಶವನ್ನು ಮತ್ತೆ ಪಟ್ಟಕ್ಕೇರಿಸಲು ದಂಗೆಯೆದ್ದ, ಹೈಲ್ಯಾಂಡಿನವರೇ ಹೆಚ್ಚಿದ್ದ ಜಾಕೊಬೈಟ್ ಸೈನ್ಯ ಸೋತಿತು. ಅದೇ ವರ್ಷ ಲಂಡನ್ನಿನ ಸಂಸತ್ತು ಹೈಲ್ಯಾಂಡ್ ಉಡುಪನ್ನು ನಿಷೇಧಿಸುವ ಕಾನೂನು ತಂದಿತು. ಕಿಲ್ಟ್ ಉಟ್ಟವನಿಗೆ 6 ತಿಂಗಳು ಜೈಲು. ಎರಡನೇ ಸಲ ಸಿಕ್ಕಿಬಿದ್ದರೆ 7 ವರ್ಷ ಕಡಲಾಚೆಯ ವಸಾಹತಿಗೆ ಗಡೀಪಾರು. ಹುಡುಗರಿಗೂ ವಿನಾಯಿತಿಯಿರಲಿಲ್ಲ. ಒಂದು ಬಟ್ಟೆಯ ಮೇಲೆ ಅಷ್ಟು ಸಿಟ್ಟು ಯಾಕೆಂದರೆ ಅದು ಹಬ್ಬದ ಬಟ್ಟೆಯಾಗಿರಲಿಲ್ಲ, ದಿನನಿತ್ಯದ್ದಾಗಿತ್ತು. ದಿನವೂ ಉಡುವುದನ್ನು ಕಿತ್ತುಕೊಂಡರೆ ಮನುಷ್ಯನ ನಡಿಗೆಯನ್ನೇ ಬದಲಿಸಿದ ಹಾಗೆ. 1773ರಲ್ಲಿ ಆ ಸೀಮೆಯನ್ನೆಲ್ಲ ಸುತ್ತಿದ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಕಣ್ಣಿಗೆ ಹಳೆಯ ಉಡುಪನ್ನು ಪೂರ್ತಿ ಧರಿಸಿದವನು ಬಿದ್ದದ್ದು ಒಬ್ಬನೇ. ಅವನೂ ದಿನಾ ಉಡುತ್ತಿರಲಿಲ್ಲ.

1782ರಲ್ಲಿ ನಿಷೇಧ ತೆಗೆದರು. ಆ ಹೊತ್ತಿಗೆ 36 ವರ್ಷ ಕಳೆದಿತ್ತು. ಕಿಲ್ಟ್ ಸುತ್ತಿಕೊಂಡು ಬೆಳೆದ ತಲೆಮಾರು ಮುಗಿಯುತ್ತ ಬಂದಿತ್ತು, ಪ್ಯಾಂಟು ಹಾಕಿಕೊಂಡು ಬೆಳೆದ ತಲೆಮಾರು ಯಜಮಾನರಾಗಿತ್ತು. ಕಾನೂನು ಅನುಮತಿ ಕೊಡಬಹುದು, ಅಭ್ಯಾಸ ಕೊಡಲಾರದು. ಹಾಗಾಗಿ ಕಿಲ್ಟ್ ಹಿಂದಿರುಗಿದ್ದು ಸಿರಿವಂತರ ಸಮಾರಂಭದ ಉಡುಪಾಗಿ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ನಿಂತು ಆ ಸಂಭ್ರಮ ನಡೆಸಿದರು. ದೊರೆಯೂ ಕಿಲ್ಟ್ ಉಟ್ಟರು, ಅದರ ಕೆಳಗೆ ಮೈಬಣ್ಣದ ಬಿಗಿ ಕಾಲುಡುಪು. ಊರಿಗೆ ಊರೇ ಟಾರ್ಟನ್ ತೊಟ್ಟು ಕುಣಿಯಿತು. ಅದೇ ದಶಕಗಳಲ್ಲಿ ಹೈಲ್ಯಾಂಡ್ಸ್‌ನ ಸದರ್‌ಲೆಂಡಿನ ಕಣಿವೆಗಳಲ್ಲಿ ಕುರಿಗಳಿಗೆ ಜಾಗ ಮಾಡಲು ರೈತರನ್ನು ಮನೆಮಠ ಬಿಡಿಸಿ ಓಡಿಸುತ್ತಿದ್ದರು. ಉಡುಪು ಮೆರವಣಿಗೆಯಲ್ಲಿ, ಉಡುತ್ತಿದ್ದವರ ಮಕ್ಕಳು ಹಡಗಿನಲ್ಲಿ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನಿಷೇಧದ ಆ 36 ವರ್ಷಗಳಲ್ಲಿ ಕಾನೂನಿನ ಭಯವಿಲ್ಲದೆ ಕಿಲ್ಟ್ ಉಡಲು ಒಂದೇ ದಾರಿಯಿತ್ತು, ಬ್ರಿಟಿಷ್ ಸೈನ್ಯ ಸೇರುವುದು. ಹೈಲ್ಯಾಂಡ್ ರೆಜಿಮೆಂಟುಗಳಿಗೆ ಕಾನೂನೇ ವಿನಾಯಿತಿ ಕೊಟ್ಟಿತ್ತು. ಅವುಗಳಲ್ಲಿ ಹೆಸರಾದದ್ದು ಬ್ಲ್ಯಾಕ್ ವಾಚ್. ಇಲ್ಲಿ ಮನೆತನಕ್ಕೊಂದು ಟಾರ್ಟನ್ ಎಂಬ ರೂಢಿಯಿದೆ, ಆದರೆ ಕಡುಹಸಿರು, ಕಡುನೀಲಿ, ಕಪ್ಪು ಚೌಕಳಿಯ ಅದರ ಟಾರ್ಟನ್ ಯಾವುದೇ ಒಂದು ಮನೆತನಕ್ಕೆ ಮೀಸಲಲ್ಲ. ಹಾಗಾಗಿ ಹೊಸದಾಗಿ ಕಿಲ್ಟ್ ಕೊಳ್ಳುವವರಿಗೆ ಅಂಗಡಿಯವರು ಮೊದಲು ತೋರಿಸುವ ಬಟ್ಟೆಗಳಲ್ಲಿ ಅದೂ ಒಂದು. ಕೊಳೆ ಕಾಣದ ಬಣ್ಣ, ದಿನಬಳಕೆಗೆ ಅನುಕೂಲ. ನನಗೂ ಅದನ್ನೇ ತೋರಿಸಿದ್ದರು.

ಪರ್ತ್ ಊರಿನ ಬಾಲ್‌ಹೌಸಿ ಕ್ಯಾಸಲ್‌ನಲ್ಲಿ ಆ ರೆಜಿಮೆಂಟಿನ ಮ್ಯೂಸಿಯಂ ಇದೆ. ಬ್ಲ್ಯಾಕ್ ವಾಚ್ ಗಳಿಸಿದ ಯುದ್ಧಗೌರವಗಳ ಪಟ್ಟಿಯಲ್ಲಿ ಮೂರು ಹೆಸರು ಕನ್ನಡಿಗರ ಕಣ್ಣು ತಪ್ಪುವಂಥವಲ್ಲ. ಮಂಗಳೂರು, ಮೈಸೂರು, ಶ್ರೀರಂಗಪಟ್ಟಣ. 1783ರ ಮೇ ತಿಂಗಳಿಂದ 1784ರ ಜನವರಿ ಕೊನೆಯವರೆಗೆ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗೆ ಹಸಿದು ಕೂತಿದ್ದವರಲ್ಲಿ ಈ ರೆಜಿಮೆಂಟಿನ ಎರಡನೇ ಬೆಟಾಲಿಯನ್ ಕೂಡ ಇತ್ತು. 1786ರಲ್ಲಿ ಅದನ್ನು ಬೇರೆ ಮಾಡಿ 73ನೇ ರೆಜಿಮೆಂಟ್ ಎಂದು ಕರೆದರು. 1799ರಲ್ಲಿ ಅದೇ 73ನೆಯದು ಶ್ರೀರಂಗಪಟ್ಟಣದ ಗೋಡೆಯ ಬಳಿಯಿತ್ತು. 1809ರಲ್ಲಿ ಹೈಲ್ಯಾಂಡ್ಸ್‌ನಲ್ಲಿ ಸಾಕಷ್ಟು ಜನ ಸಿಗುತ್ತಿಲ್ಲ, ದಕ್ಷಿಣದವರಿಗೆ ಈ ಉಡುಪು ಹಿಡಿಸುವುದಿಲ್ಲ ಎಂಬ ಕಾರಣ ಕೊಟ್ಟು ಅದರ ಕಿಲ್ಟನ್ನೇ ತೆಗೆದುಹಾಕಿದರು. 1881ರಲ್ಲಿ ಅದು ಮತ್ತೆ ಬ್ಲ್ಯಾಕ್ ವಾಚ್‌ಗೆ ಸೇರಿತು.

ಈ ಸಂಗತಿಯನ್ನು ನಾನು ಹಗುರಾಗಿ ದಾಟಲಾರೆ. 1782ರವರೆಗೆ ಊರಲ್ಲಿ ಕಿಲ್ಟ್ ಉಟ್ಟರೆ ಜೈಲು, ಸಾವಿರಾರು ಮೈಲಿ ದೂರ ಹೋಗಿ ನಮ್ಮ ನೆಲದಲ್ಲಿ ಬಂದೂಕು ಹಿಡಿದರೆ ಅದೇ ಕಿಲ್ಟಿಗೆ ಮರ್ಯಾದೆ. ಆ ಸಿಪಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಎಷ್ಟು ಜನರನ್ನು ಬಡತನ ಹಡಗು ಹತ್ತಿಸಿತ್ತೋ. ಆದರೂ ಅಂಗಡಿಯ ಕನ್ನಡಿಯೆದುರು ಆ ಕಡುಹಸಿರು ಬಟ್ಟೆಯನ್ನು ಸೊಂಟಕ್ಕೆ ಹಿಡಿದು ನಿಂತಾಗ ಕಾವೇರಿ ದಡದ ಆ ಕೋಟೆ ಕಣ್ಣ ಮುಂದೆ ಬಂತು. ಮಡಚಿ ವಾಪಸು ಕೊಟ್ಟೆ. ನನ್ನದು ಟ್ವೀಡ್ ಎಂಬ ದಪ್ಪ ಉಣ್ಣೆಯ ಬೂದುಬಣ್ಣದ ಬಟ್ಟೆ, ಹತ್ತಿರದಿಂದ ನೋಡಿದರೆ ಮಾತ್ರ ಕಾಣುವ ಸಣ್ಣ ಹಸಿರು ಎಳೆ. ಹೆಬ್ರಿಡೀಸ್ ದ್ವೀಪದವರು ತಮ್ಮ ಮನೆಯಲ್ಲೇ ಕೈಮಗ್ಗದಲ್ಲಿ ನೇಯ್ದ ಹ್ಯಾರಿಸ್ ಟ್ವೀಡ್. ಹಾಗೆ ಅವರ ಮನೆಯಲ್ಲೇ ನೇಯ್ದಿರದಿದ್ದರೆ ಆ ಹೆಸರು ಬಳಸುವಂತಿಲ್ಲ ಎಂದು 1993ರ ಕಾನೂನು ಹೇಳುತ್ತದೆ. ಒಂದು ಕಾಲಕ್ಕೆ ಬಟ್ಟೆಯನ್ನು ನಿಷೇಧಿಸಿದ ಸಂಸತ್ತೇ ಇನ್ನೊಂದು ಕಾಲಕ್ಕೆ ಬಟ್ಟೆಯನ್ನು ಕಾಪಾಡಲು ಕಾನೂನು ಮಾಡಿತು.

ಒಳ್ಳೆಯ ಕಿಲ್ಟನ್ನು ಕೈಯಲ್ಲಿ ಹಿಡಿದು ನೋಡದವರಿಗೆ ಅದರ ತೂಕ ಅಚ್ಚರಿ ತರುತ್ತದೆ. 8 ಗಜದ ದಪ್ಪ ಉಣ್ಣೆಯ ಕಿಲ್ಟ್ ಸುಮಾರು 2 ಕಿಲೋ ತೂಗುತ್ತದೆ. ಮುಂದೆ ಎರಡು ಸಪಾಟು ಪದರ, ಒಂದರ ಮೇಲೊಂದು. ನೆರಿಗೆಯೆಲ್ಲ ಹಿಂದೆ. ಸೊಂಟದಿಂದ ಪೃಷ್ಠದವರೆಗೆ ಪ್ರತಿ ನೆರಿಗೆಯನ್ನೂ ಕೈಯಲ್ಲಿ ಹೊಲಿದು ಕೂರಿಸಿ, ಅಲ್ಲಿಂದ ಕೆಳಗೆ ಸಡಿಲ ಬಿಡುತ್ತಾರೆ. ನಡೆಯುವಾಗ ಹಿಂದುಗಡೆ ತೂಗುವ ಲಯ ಬರುವುದು ಅಲ್ಲಿಂದ. ಟಾರ್ಟನ್ನಿನ ಒಂದು ಪೂರ್ಣ ಚೌಕಳಿಗೆ ಸೆಟ್ ಎನ್ನುತ್ತಾರೆ. ನೆರಿಗೆ ಹಿಡಿದ ಮೇಲೂ ಹಿಂಭಾಗದಲ್ಲಿ ಅದೇ ಸೆಟ್ ಮುರಿಯದೆ ಕಾಣಬೇಕೆಂದರೆ ಎಷ್ಟು ಬಟ್ಟೆ ಒಳಗೆ ಮಡಚಬೇಕು, ಎಷ್ಟು ಹೊರಗೆ ಬಿಡಬೇಕು ಎನ್ನುವ ಲೆಕ್ಕ ಕಿಲ್ಟ್ ಹೊಲಿಯುವವರ ಬೆರಳಲ್ಲಿರುತ್ತದೆ. ಸೈನ್ಯದ ಕಿಲ್ಟಿನಲ್ಲಿ ಹಾಗಲ್ಲ, ಒಂದೇ ಗೆರೆ ಪ್ರತಿ ನೆರಿಗೆಯ ನಡುವೆ ಬರುವಂತೆ ಹಿಡಿಯುತ್ತಾರೆ. ಅಂಚನ್ನು ಮಡಚಿ ಹೊಲಿಯುವುದಿಲ್ಲ, ಮಗ್ಗದಿಂದ ಬಂದ ಅಂಚೇ ಕೆಳಗಿರುತ್ತದೆ.

ನನ್ನದನ್ನು ಹೊಲಿದ ಹೆಂಗಸು ಅಳತೆ ತೆಗೆದುಕೊಳ್ಳುವಾಗ ಟೇಪನ್ನು ಹೊಕ್ಕುಳ ಮಟ್ಟಕ್ಕೆ ಏರಿಸಿ, "ಜೀನ್ಸಿನ ಅಳತೆ ಮರೆತುಬಿಡಿ, ಕಿಲ್ಟ್ ಇಲ್ಲಿ ನಿಲ್ಲಬೇಕು" ಎಂದರು. ಕೆಳ ಅಂಚು ಮಂಡಿಚಿಪ್ಪಿನ ನಡುಭಾಗಕ್ಕೆ. ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಏಳಿಸಿ, ಮತ್ತೆ ಕೂರಿಸಿದರು. ಕೂರುವ ಮೊದಲು ಒಂದು ಕೈ ಹಿಂದೆ ಹೋಗಿ ನೆರಿಗೆಯನ್ನೆಲ್ಲ ಒಂದೇ ಸಲ ಕೆಳಗೆ ಸವರಿಕೊಳ್ಳಬೇಕು. ಸೀರೆಯುಟ್ಟ ಹೆಂಗಸರೆಲ್ಲರಿಗೂ ಯಾರೂ ಹೇಳಿಕೊಡದೆ ಬರುವ ಆ ಕೈಚಳಕ ನನ್ನ ಕೈಗೆ ಬರಲು ಕೆಲವು ವಾರ ಹಿಡಿಯಿತು. ಈಗ ಬಸ್ಸಿನ ಸೀಟಿಗೆ ಕೂರುವಾಗ ಕೈ ತಾನಾಗಿ ಹೋಗುತ್ತದೆ.

ಅಮ್ಮನಿಗೆ ಮೊದಲು ವಿಡಿಯೊ ಕರೆಯಲ್ಲಿ ತೋರಿಸಿದಾಗ ಅವರ ಚಿಂತೆ ಒಂದೇ.

"ಏನೋ ಇದು, ಆ ಚಳೀಲಿ ಮಂಡಿ ಬಿಟ್ಕೊಂಡು ಓಡಾಡ್ತೀಯಾ?"

"ಎಂಟು ಗಜ ಉಣ್ಣೆ ಕಣಮ್ಮ. ಪ್ಯಾಂಟಿಗಿಂತ ಬೆಚ್ಚಗಿರುತ್ತೆ."

"ಎಂಟು ಗಜಾನಾ! ನನ್ನ ಸೀರೆಗಿಂತ ಉದ್ದ ಆಯ್ತಲ್ಲೋ."

ನಿಜವಾಗಿಯೂ ಬೆಚ್ಚಗಿರುತ್ತದೆ. ಮಳೆ ಬಂದರೆ ಜೀನ್ಸ್ ಕಾಲಿಗೆ ಅಂಟಿ ಸಂಜೆಯವರೆಗೂ ಒದ್ದೆ. ಕಿಲ್ಟ್ ಉಟ್ಟರೆ ಒದ್ದೆಯಾಗುವುದು ಮಂಡಿ, ಒರೆಸಿದರೆ ಮುಗಿಯಿತು. ಉಣ್ಣೆಯನ್ನು ಪದೇಪದೇ ಒಗೆಯುವುದೂ ಬೇಡ. ರಾತ್ರಿ ಗಾಳಿಗೆ ನೇತುಹಾಕಿದರೆ ಬೆಳಿಗ್ಗೆ ಹೊಸದರ ಹಾಗೆ. ಸಮುದ್ರದ ಕಡೆಯಿಂದ ಬರುವ ಇಲ್ಲಿನ ಗಾಳಿಗೆ ತೆಳು ಬಟ್ಟೆಯ ಅಗ್ಗದ ಕಿಲ್ಟ್ ಹಾರುತ್ತದೆ, ತೂಕದ ಉಣ್ಣೆ ಮಿಸುಕುವುದಿಲ್ಲ.

ಇನ್ನು ಜೊತೆಯ ಸಾಮಾನು. ಕಿಲ್ಟಿಗೆ ಜೇಬಿಲ್ಲ, ಹಾಗಾಗಿ ಸ್ಪೊರನ್. ಬೆಲ್ಟಿನ ಬಕಲ್‌ನಿಂದ ನಾಲ್ಕು ಬೆರಳು ಕೆಳಗೆ ಸರಪಳಿಯಲ್ಲಿ ತೂಗುವ ಚೀಲ. ಮದುವೆಗಳಲ್ಲಿ ಕಾಣುವ ತುಪ್ಪಳ, ಬೆಳ್ಳಿಯ ಅಂಚು, ಜೋಲುವ ಗೊಂಡೆಗಳೆಲ್ಲ ಸಂಜೆಯ ಔತಣಕ್ಕೆ. ನನ್ನದು ಸಾದಾ ಕಂದು ಚರ್ಮದ್ದು, ನಮ್ಮ ತಾತನ ಸೊಂಟದಲ್ಲಿ ಸದಾ ಇರುತ್ತಿದ್ದ ಎಲೆಯಡಿಕೆ ಸಂಚಿಯ ಹಾಗೆ. ತಾತನ ಸಂಚಿಯಲ್ಲಿ ಅಡಿಕೆ, ಸುಣ್ಣದ ಡಬ್ಬಿ, ಚಿಲ್ಲರೆ; ನನ್ನದರಲ್ಲಿ ಫೋನು, ಬೀಗದ ಕೈ, ಬಸ್ ಪಾಸು. ಕೈ ಆಡಿ ಆಡಿ ಮುಚ್ಚಳದ ಅಂಚು ಕಪ್ಪಾಗಿ ನಯವಾಗಿದೆ. ದಿನಬಳಕೆಯ ವಸ್ತುವಿಗೆ ಬರುವ ಆ ಮೆರುಗು ಬಾಡಿಗೆಯ ಸ್ಪೊರನ್ನಿಗೆ ಎಂದೂ ಬರುವುದಿಲ್ಲ.

ಕಿಲ್ಟ್ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು. ಎರಡೂ ಪದರ ಸೇರಿಸಿ ಚುಚ್ಚಿದರೆ ಕೂತಾಗ ಬಟ್ಟೆ ಎಳೆದು ಹರಿಯುತ್ತದೆ. ಕಾಲುಚೀಲವನ್ನು ಮಂಡಿಯ ಕೆಳಗೆ ಮಡಚಿ, ಜಾರದಂತೆ ಪಟ್ಟಿ ಕಟ್ಟುತ್ತಾರೆ. ಆ ಪಟ್ಟಿಯಿಂದ ಇಣುಕುವ ಬಣ್ಣದ ಪಟ್ಟಿಗಳೇ ಫ್ಲ್ಯಾಶ್. ಕಣಕಾಲಿಗೆ ದಾರ ಸುತ್ತಿ ಕಟ್ಟುವ ಗಿಲ್ಲಿ ಬ್ರೋಗ್ ಷೂ ನನಗೆ ಬೇಡ, ಗಟ್ಟಿ ಬೂಟು ಸಾಕು. ಕಿಲ್ಟಿನ ಜೊತೆ ದಪ್ಪ ಬೂಟು, ಜೊತೆಗೊಂದು ಜೆರ್ಸಿ ಎನ್ನುವ ಸಲೀಸನ್ನು ಜನಕ್ಕೆ ರೂಢಿ ಮಾಡಿಸಿದವರಲ್ಲಿ ಇಲ್ಲಿನ ಫುಟ್‌ಬಾಲ್ ಅಭಿಮಾನಿಗಳು ಮುಖ್ಯರು. ತಮ್ಮ ತಂಡ ಎಲ್ಲಿ ಆಡಿದರೂ ಕಿಲ್ಟ್ ಉಟ್ಟು ಹೋಗುವ ಟಾರ್ಟನ್ ಆರ್ಮಿಯವರು.

ಸ್ಕೀನ್ ಡು ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. ಅದು ಬಲಗಾಲಿನ ಕಾಲುಚೀಲದ ಮೇಲಂಚಿಗೆ ಸಿಕ್ಕಿಸುವ ಸಣ್ಣ ಚಾಕು. ಸಾರ್ವಜನಿಕ ಜಾಗದಲ್ಲಿ ಚಾಕು ಹಿಡಿದು ತಿರುಗುವುದು ಸ್ಕಾಟ್ಲೆಂಡಿನಲ್ಲಿ ಗಂಭೀರ ಅಪರಾಧ. ಆದರೆ 1995ರ ಕಾನೂನಿನಲ್ಲಿ ಧಾರ್ಮಿಕ ಕಾರಣಕ್ಕೆ ಇಟ್ಟುಕೊಂಡದ್ದಕ್ಕೂ ರಾಷ್ಟ್ರೀಯ ಉಡುಪಿನ ಭಾಗವಾದದ್ದಕ್ಕೂ ರಕ್ಷಣೆಯಿದೆ. ಸಿಖ್ಖರ ಕಿರ್ಪಾನಕ್ಕೂ ಹೈಲ್ಯಾಂಡರ್‌ನ ಸ್ಕೀನ್ ಡುಗೂ ಒಂದೇ ಕಲಮಿನಲ್ಲಿ ಜಾಗ. ಕುಪ್ಯ ತೊಟ್ಟು ಚೇಲೆ ಬಿಗಿದು ಪೀಚೆ ಕತ್ತಿ ಸಿಕ್ಕಿಸುವ ಕೊಡವರಿಗೆ ಈ ಮಾತು ಬೇಗ ಅರ್ಥವಾದೀತು. ದಿನದ ಕಿಲ್ಟಿಗೆ ನಾನು ಚಾಕು ಸಿಕ್ಕಿಸುವುದಿಲ್ಲ. ಸ್ಕೂಲಿನ ಗೇಟಿನಲ್ಲಿ, ಆಸ್ಪತ್ರೆಯಲ್ಲಿ ಅದಕ್ಕೇನು ಕೆಲಸ? ಕಾನೂನು ಬಿಟ್ಟರೂ ಪಕ್ಕದಲ್ಲಿ ನಿಂತ ಮಗುವಿಗೆ ಅದು ಚಾಕುವೇ.

ಕಿಲ್ಟ್ ಉಡುವವರಿಗೆ ಎದುರಾಗುವ ಒಂದು ಕಷ್ಟವನ್ನು ಬಹುಪಾಲು ಜನ ನಗೆಯಲ್ಲಿ ತೇಲಿಸುತ್ತಾರೆ. ನಾನು ತೇಲಿಸುವುದಿಲ್ಲ. "ಒಳಗೆ ಏನು ಹಾಕಿದ್ದೀಯಾ?" ಎಂಬ ಪ್ರಶ್ನೆ, ಅದರ ಹಿಂದೆಯೇ ಬರುವ ಕೈ. ಪಬ್ಬಿನಲ್ಲಿ ಅಪರಿಚಿತರು ಹಿಂದಿನಿಂದ ಅಂಚು ಎತ್ತಿದ್ದು ನನಗೂ ಆಗಿದೆ. ಇನ್ವರ್ನೆಸ್ ಊರಿನ ಒಂದು ಬಾರಿನಲ್ಲಿ ಗಿರಾಕಿಗಳ ಈ ಕಾಟ ತಾಳಲಾರದೆ ಕಿಲ್ಟ್ ಉಡುತ್ತಿದ್ದ ಸಿಬ್ಬಂದಿ ವಾರಾಂತ್ಯದಲ್ಲಿ ಪ್ಯಾಂಟಿಗೆ ಮರಳಿದ ಸುದ್ದಿ ಪತ್ರಿಕೆಗಳಲ್ಲೂ ಬಂದಿತ್ತು. ಬಟ್ಟೆಯೊಳಗೆ ಕ್ಯಾಮೆರಾ ತೂರಿಸುವುದನ್ನು ಸ್ಕಾಟ್ಲೆಂಡ್ 2010ರಲ್ಲೇ ಅಪರಾಧವೆಂದು ಸಾರಿದೆ, ಕಿಲ್ಟಿಗೂ ಅದು ಅನ್ವಯ. ಆದರೂ ಗಂಡಸು ಬೇಸರ ತೋರಿಸಿದರೆ "ಇಷ್ಟಕ್ಕೆಲ್ಲ ಯಾಕೆ" ಎನ್ನುವವರೇ ಹೆಚ್ಚು. ನನ್ನ ಜೊತೆ ಕೆಲಸ ಮಾಡುವ ಹೆಂಗಸರು ಹಾಗೆ ಅನ್ನಲಿಲ್ಲ. ಅವರಿಗೆ ಅರ್ಧ ವಾಕ್ಯ ಸಾಕಾಯಿತು.

ಇದಕ್ಕೂ ಮದುವೆಯ ಬಾಡಿಗೆ ಕಿಲ್ಟಿಗೂ ನಂಟಿದೆ ಎಂದೇ ನನ್ನ ಅನಿಸಿಕೆ. ವೇಷ ಹಾಕಿದವನನ್ನು ಮುಟ್ಟಬಹುದು, ನಿಲ್ಲಿಸಿ ಫೋಟೊ ತೆಗೆಯಬಹುದು ಎಂದು ಜನ ತಿಳಿಯುತ್ತಾರೆ. ಬಟ್ಟೆ ಹಾಕಿಕೊಂಡು ಕೆಲಸಕ್ಕೆ ಹೊರಟವನನ್ನು ಹಾಗೆ ಮುಟ್ಟುವುದಿಲ್ಲ. ನಮ್ಮ ಬೀದಿಯಲ್ಲಿ ಈಗ ನನ್ನ ಕಿಲ್ಟನ್ನು ಯಾರೂ ನೋಡುವುದೇ ಇಲ್ಲ. ಬೇಕರಿಯಾತ ಮುಖ ನೋಡಿ ಬ್ರೆಡ್ ಕಟ್ಟಿಕೊಡುತ್ತಾನೆ. ನನಗೆ ಬೇಕಾದದ್ದು ಅದೇ.

ಎಡಿನ್‌ಬರೋದಲ್ಲೇ ಹೌವಿ ನಿಕಲ್ಸ್‌ಬಿ ಎಂಬ ದರ್ಜಿ 1990ರ ದಶಕದಿಂದ ಡೆನಿಮ್, ಚರ್ಮ, ಟ್ವೀಡ್‌ಗಳಲ್ಲಿ ಜೇಬಿರುವ ಕಿಲ್ಟ್ ಹೊಲಿಯುತ್ತ ಬಂದಿದ್ದಾರೆ, ತಾವೂ ದಿನಾ ಅದನ್ನೇ ಉಡುತ್ತಾರೆ. ಅಮೆರಿಕದ ಸಿಯಾಟಲ್‌ನಲ್ಲಿ ಬಡಗಿಗಳೂ ಮೆಕ್ಯಾನಿಕ್‌ಗಳೂ ಉಡುವಂಥ, ದಪ್ಪ ಹತ್ತಿಯ, ಜೇಬುಗಳಿರುವ ಕಿಲ್ಟ್ 2000ದಲ್ಲಿ ಮಾರಾಟಕ್ಕೆ ಬಂತು. ಇವನ್ನು ಕಂಡು ಮೂಗು ಮುರಿಯುವ ಸಂಪ್ರದಾಯಸ್ಥರಿದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ವಾದ ಒಪ್ಪಿಗೆಯಾಗುವುದಿಲ್ಲ. ಫೀಲೆ ಮೋರ್ ಎಂಬ ಆ ಹಳೆಯ ಉದ್ದ ಬಟ್ಟೆಯ ಮೇಲರ್ಧವನ್ನು ಯಾರೋ ಕತ್ತರಿಸಿದ್ದರಿಂದಲೇ ಇವತ್ತಿನ ಸಾಂಪ್ರದಾಯಿಕ ಕಿಲ್ಟ್ ಹುಟ್ಟಿತು. ಇನ್ನೊಂದು ಕಡೆ, ಕೈಯಲ್ಲಿ ಕಿಲ್ಟ್ ಹೊಲಿಯುವ ಕಸುಬು ಬ್ರಿಟನ್ನಿನ ಹೆರಿಟೇಜ್ ಕ್ರಾಫ್ಟ್ಸ್ ಸಂಸ್ಥೆಯ ಅಪಾಯದಲ್ಲಿರುವ ಕಸುಬುಗಳ ಪಟ್ಟಿ ಸೇರಿದೆ. ಊರಿನ ಹಳೆಯ ಬೀದಿ ರಾಯಲ್ ಮೈಲ್‌ನ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಅಕ್ರಿಲಿಕ್ ಕಿಲ್ಟ್ ರಾಶಿ ಬಿದ್ದಿದೆ, ಅವುಗಳ ನಡುವೆ ಕೈಹೊಲಿಗೆಯ ಬೆಲೆ ಕೇಳಿ ಜನ ಹಿಂಜರಿಯುತ್ತಾರೆ. ಒಂದೇ ಮದುವೆಗೆಂದು ಯಾರೂ ಅಷ್ಟು ಹಣ ಹಾಕುವುದಿಲ್ಲ. ದಿನಾ ಉಡುವವನು ಹಾಕುತ್ತಾನೆ. ಹೊಟ್ಟೆ ಬಂದರೆ ಪಟ್ಟಿ ಸರಿಸಿ ಹೊಲಿಸಬಹುದು, ತನ್ನ ನಂತರ ಮಗನಿಗೆ ಮಗಳಿಗೆ ಕೊಡಬಹುದು.

ಊರಿಗೆ ಬಂದಾಗ ಕಿಲ್ಟ್ ತರುವುದಿಲ್ಲ. ಏಪ್ರಿಲ್‌ನ ಬಿಸಿಲಿಗೆ 2 ಕಿಲೋ ಉಣ್ಣೆ ಆಗದು. ಅಲ್ಲಿ ಪಂಚೆ. ಬ್ಯಾಂಕಿಗೆ, ಮೆಟ್ರೊಗೆ, ಪುಸ್ತಕದಂಗಡಿಗೆ ಎಲ್ಲಕ್ಕೂ. "ಏನ್ ಸಾರ್, ದೇವಸ್ಥಾನಕ್ಕಾ?" ಎಂದು ಬೆಂಗಳೂರಿನ ಆಟೋದವರು ಕೇಳಿದಾಗ ಎಡಿನ್‌ಬರೋದ "ಇವತ್ತೇನು ವಿಶೇಷ?" ನೆನಪಾಗದೆ ಇರುವುದಿಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರ ಬಾಗಿಲಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದಿದ್ದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ತಡೆದರು. ಜನ ಸಿಡಿದೆದ್ದರು, ಸರ್ಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಿತು. ಅಷ್ಟೂ ಸರಿ. ಆದರೆ ಆ ವಾರ ಪಂಚೆಯ ಪರ ಬರೆದವರಲ್ಲಿ ಎಷ್ಟು ಜನ ಮರುದಿನ ಪಂಚೆ ಉಟ್ಟು ಆಫೀಸಿಗೆ ಹೋದರು? ನಮ್ಮಲ್ಲಿ ಯಾವ ಸಂಸತ್ತೂ ಪಂಚೆಯನ್ನು ನಿಷೇಧಿಸಲಿಲ್ಲ. ನಾವೇ ಅದನ್ನು ಮದುವೆಗೆ, ಪೂಜೆಗೆ, ವರ್ಷಕ್ಕೊಮ್ಮೆ ರಾಜ್ಯೋತ್ಸವದ ಫೋಟೊಗೆ ಎತ್ತಿಟ್ಟೆವು.

ಕಳೆದ ಸಲ ಬಂದಾಗ ಅಣ್ಣನ ಮಗ ಅಂಗಡಿಯಿಂದ ವೆಲ್ಕ್ರೋ ಪಂಚೆ ತಂದಿದ್ದ. ಸೊಂಟಕ್ಕೆ ಸುತ್ತಿ ಅಂಟಿಸಿದರಾಯಿತು, ಫೋನಿಡಲು ಜೇಬೂ ಇದೆ. ಅಣ್ಣನಿಗೆ ಕೋಪ. "ಇದೂ ಒಂದು ಪಂಚೆನಾ? ನಮ್ಮಪ್ಪ ನೋಡಿದ್ರೆ ಏನಂತಿದ್ರು?" ಎಂದು ರೇಗಿದ. ಹುಡುಗ ನನ್ನ ಮುಖ ನೋಡಿದ. "ಚಿಕ್ಕಪ್ಪ, ನೀವು ಹೇಳಿ. ಇದನ್ನ ಕಾಲೇಜಿಗೆ ಹಾಕ್ಕೊಂಡು ಹೋದ್ರೆ ತಪ್ಪಾ?" ನಾನು ಅವನ ಪರ ನಿಂತೆ. ಬೈಕ್ ಹತ್ತುವಾಗ ಎತ್ತಿ ಕಟ್ಟಿಕೊಳ್ಳಲು ವೆಲ್ಕ್ರೋ ಹಿಡಿಯುವುದಿಲ್ಲ, ಅದಕ್ಕೆ ಮಾಮೂಲಿ ಗಂಟೇ ಗಟ್ಟಿ ಎಂದೆ. ಗಂಟು ಹೇಗೆ ಹಾಕುವುದು ತೋರಿಸಿ ಎಂದ. ಅಣ್ಣ ರೇಗುತ್ತಲೇ ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ತೋರಿಸಿಕೊಟ್ಟ.